ಗಿರಿಧರ ಲೋಕ ಗೆದ್ದ ಬಗೆ

ಗಿರಿಧರ ಯುದ್ಧ ಮಾಡುವವನಲ್ಲ. ಅಹಮದಾಬಾದಿನ ಚಾಂದ್‌ಖೇಡಾದ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಹನಿ ರಕ್ತ ಚೆಲ್ಲದೆ ಸಾಮ್ರಾಜ್ಯ ಕಟ್ಟುತ್ತಿದ್ದ. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಇಲ್ಲೇ ಉಳಿದವನು. ಅವನ ಹೆಂಡತಿ ಸಾವಿತ್ರಿ ಮಾಡುವ ಕಾಫಿಯ ಆಸೆಗೆ ಅವರ ಮನೆಗೆ ಹೋಗಿ, ಕೇಳದಿದ್ದರೂ ಆ ಕಂಪ್ಯೂಟರ್ ಆಟದ ಪಾಠ ಹೇಳಿಸಿಕೊಂಡು ಬರುತ್ತಿದ್ದೆ.

ಆಟ ಹೀಗೆ. ಒಬ್ಬರಾದ ಮೇಲೆ ಒಬ್ಬರು ನಡೆ ಇಡಬೇಕು. ಊರು ಕಟ್ಟಬೇಕು, ರಾಜ್ಯ ಬೆಳೆಸಬೇಕು. ಸೈನ್ಯದಿಂದ ಗೆಲ್ಲಬಹುದು, ವಿಜ್ಞಾನದಿಂದಲೂ ಗೆಲ್ಲಬಹುದು. ಇವನು ಹಿಡಿದದ್ದು ಸಂಸ್ಕೃತಿಯ ದಾರಿ. ನಾಟಕಶಾಲೆ, ವಸ್ತುಸಂಗ್ರಹಾಲಯ ಕಟ್ಟಿಸಿ, ಕವಿಗಳನ್ನೂ ಗಾಯಕರನ್ನೂ ಸಾಕಿ, ಪರರಾಜ್ಯದ ಜನರೆಲ್ಲ ನಮ್ಮ ಊರು ನೋಡಲು ಮುಗಿಬೀಳುವಂತೆ ಮಾಡಿದರೆ ಗೆಲುವು.

"ಅದಕ್ಕೆ ಮುಖ್ಯ ಗಡಿ ತೆರೆದಿಡಬೇಕು, ಸಾರ್. ಬಾಗಿಲು ಹಾಕ್ಕೊಂಡ್ರೆ ನಮ್ಮ ಸಂಸ್ಕೃತಿ ಯಾರಿಗೆ ತಲುಪುತ್ತೆ?" ಎನ್ನುತ್ತಿದ್ದ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಇದೇ ಗಿರಿಧರನ ಮನೆಯಲ್ಲಿ ಹೊಸ್ತಿಲು ದಾಟಿದರೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಎಂಬ ಕಾನೂನು. ಮಗಳು ಮನಸ್ವಿನಿ ಅಹಮದಾಬಾದಿನಲ್ಲೇ ಹುಟ್ಟಿದವಳು. ಗುಜರಾತಿಯಲ್ಲಿ ನಗುತ್ತಿದ್ದಳು, ಹಿಂದಿಯಲ್ಲಿ ಜಗಳವಾಡುತ್ತಿದ್ದಳು. ಒಂದು ನವರಾತ್ರಿಗೆ ಪಕ್ಕದ ಬ್ಲಾಕಿನ ಪೂರ್ವಿ, ಇವಳ ಜೀವದ ಗೆಳತಿ, ಚನಿಯಾ ಚೋಳಿಯ ಬಣ್ಣದ ಲಂಗ ತೊಟ್ಟು ಗರ್ಬಾ ಕುಣಿತಕ್ಕೆ ಕರೆಯಲು ಬಂದಳು. ಒಳಗೆ ಕಾಲಿಡುತ್ತ ಗುಜರಾತಿಯಲ್ಲಿ ಏನೋ ಕೂಗಿದಳು. ಗಿರಿಧರ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಈ ಮನೆಯಲ್ಲಿ ಕನ್ನಡ ಮಾತ್ರ, ಬಾರದವರು ಹೊರಗೆ ಕಾಯಬೇಕು ಎಂದ. ಅದನ್ನು ಹೇಳಿದ್ದು ಹಿಂದಿಯಲ್ಲಿ. ಒಳಗೆ ಕಾಫಿಗೆ ಕೂತಿದ್ದ ನನಗೆ ನಗು ಬಂತು, ಆಮೇಲೆ ಆ ಹುಡುಗಿಯ ಮುಖ ನೋಡಿ ನಾಚಿಕೆಯಾಯಿತು.

ಪೂರ್ವಿ ಮತ್ತೆ ಆ ಮನೆಗೆ ಬರಲಿಲ್ಲ. ಮನಸ್ವಿನಿ ಎದುರು ಮಾತಾಡಲಿಲ್ಲ. ಹೂಂ, ಬೇಡ, ಆಯ್ತು, ಈ ಮೂರರಲ್ಲೇ ಸಂಸಾರ ಮಾಡಿದಳು. ಮೂರೂ ಅಪ್ಪಟ ಕನ್ನಡ. ಅಪ್ಪ ದೂರುವುದಾದರೂ ಹೇಗೆ?

ಅವಳು ವಡೋದರಾಕ್ಕೆ, ಅಂದರೆ ಹಳೇ ಬರೋಡಾಕ್ಕೆ, ಓದಲು ಹೊರಟಾಗ ಸಾವಿತ್ರಿಯೇ ಉಪಾಯ ಹೂಡಿದಳು. "ಆ ದರಿದ್ರ ಆಟಾನಾದ್ರೂ ಅವಳ ಜೊತೆ ಆಡ್ರೀ. ಆ ನೆಪದಲ್ಲಿ ಎರಡು ಮಾತಾದ್ರೂ ಆಗ್ಲಿ." ಹಾಗೆ ಶುರುವಾಯಿತು. ಅವನದು ಚಿತ್ರದುರ್ಗದ ಸಾಮ್ರಾಜ್ಯ, ಅವಳದು ಬರೋಡಾ. ದಿನಕ್ಕೊಂದು ನಡೆ, ನಡೆಯ ಜೊತೆಗೆ ಫೋನಿನಲ್ಲಿ ಕನ್ನಡದ ಒಂದು ಸಾಲು ಬರೆಯಬೇಕು ಎಂದು ಗಿರಿಧರನ ಕರಾರು. ಅವಳು ಬರೆಯುವಳು. ಇವನು ತಪ್ಪು ತಿದ್ದಿ, ಸರಿಯಾದ ರೂಪ ಕೆಳಗೆ ಹಾಕಿ ವಾಪಸು ಕಳಿಸುವನು.

"ತಿದ್ದಬೇಡವೋ, ಮೇಷ್ಟ್ರುಗಿರಿ ಸಾಕು," ಎಂದೆ.

"ಈಗ ತಿದ್ದದೇ ಇದ್ರೆ ಇನ್ಯಾವಾಗ ಸಾರ್?" ಎಂದ.

ದಸರೆ ಕಳೆದ ಮೇಲೆ ನೋಡಬೇಕಿತ್ತು ಅವನ ಹಿಗ್ಗು. ಸಾಲುಗಳು ಬೆಳೆದಿದ್ದವು. ತಪ್ಪುಗಳಿದ್ದರೂ ತಿದ್ದಿದ ತಪ್ಪು ಮರುಕಳಿಸುತ್ತಿರಲಿಲ್ಲ. ಊಟ ಆಯ್ತಾ, ಇವತ್ತು ಆಫೀಸಲ್ಲಿ ಏನಾಯ್ತು, ಅಮ್ಮನ ಮಂಡಿ ನೋವು ಹೇಗಿದೆ. ಸಂಜೆ ವಾಕಿಂಗಿನಲ್ಲಿ ಫೋನನ್ನು ನನ್ನ ಮೂಗಿಗೇ ಹಿಡಿದು, "ನೋಡಿ ಸಾರ್, ನಮ್ಮನೆ ಹುಡುಗಿ!" ಎನ್ನುವನು. ಕಣ್ಣು ತುಂಬಿರುತ್ತಿತ್ತು. ನಾನು ಸೋತೆ ಅಂತ ಒಪ್ಪಿಕೊಂಡೆ.

ಇನ್ನೊಂದೇ ನಡೆಗೆ ಗೆಲುವು ಎಂಬಲ್ಲಿ ಅವನು ತಡೆದು ನಿಂತ. ಗೆದ್ದರೆ ಆಟ ಮುಗಿಯುತ್ತದೆ, ಸಾಲುಗಳು ನಿಲ್ಲುತ್ತವೆ ಎಂಬ ಭಯ. ಎರಡು ದಿನ ಒದ್ದಾಡಿ, ಕೊನೆಗೆ ಅವಳೆದುರೇ ಗೆದ್ದು, ಅಲ್ಲೇ ಹೊಸ ಆಟ ಶುರುಮಾಡಿ ಬರುತ್ತೇನೆಂದು ತೀರ್ಮಾನಿಸಿದ. ಸಾವಿತ್ರಿ ಮಂಡಿ ಹಿಡಿದುಕೊಂಡೇ ಕೋಡುಬಳೆ ಕರಿದು ಡಬ್ಬಿಗೆ ತುಂಬಿದಳು. ಜೊತೆಗಿರಲಿ ಎಂದು ನನ್ನನ್ನೂ ರೈಲು ಹತ್ತಿಸಿದ.

ವಡೋದರಾದ ಫತೇಗಂಜಿನಲ್ಲಿ, ಮಗಳ ಹಾಸ್ಟೆಲಿನ ಹತ್ತಿರ ಒಂದು ಸಣ್ಣ ಹೋಟೆಲು. ಮನಸ್ವಿನಿ ಬಂದಳು, ಜೊತೆಗೆ ಪೂರ್ವಿ. ಇಬ್ಬರದೂ ಒಂದೇ ಕಾಲೇಜು, ಒಂದೇ ರೂಮು ಎಂಬುದು ನಮಗೆ ತಿಳಿದದ್ದೇ ಆಗ. ಗಿರಿಧರನ ಮುಖ ಕೊಂಚ ಬಿಗಿಯಾಯಿತು. ಆದರೂ ಲ್ಯಾಪ್‌ಟಾಪ್ ತೆರೆದು, "ನಿನ್ನೆದುರಿಗೇ ಗೆಲ್ಲಬೇಕು ಅಂತ ಬಂದೆ ಮಗಳೇ," ಎಂದು ಗುಂಡಿ ಒತ್ತಿದ. ತುತ್ತೂರಿ ಮೊಳಗಿತು. ಚಿತ್ರದುರ್ಗ ಲೋಕವನ್ನು ಗೆದ್ದಿತು.

"ಅಯ್ಯೋ ದೇವರೇ, ನಾನು ಸೋತುಹೋದೆ!"

ಕೂಗಿದ್ದು ಪೂರ್ವಿ. ಕೂಗಿ ಬಾಯಿ ಮುಚ್ಚಿಕೊಂಡಳು.

ಗಿರಿಧರನಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಮಗಳ ಕಡೆ ನೋಡಿದ.

"ನಾನು ದಸರಾಗೇ ಆಟ ಬಿಟ್ಟೆ ಅಪ್ಪ," ಎಂದಳು ಮನಸ್ವಿನಿ. "ಏನ್ ಬರೆದ್ರೂ ಕರೆಕ್ಷನ್ ಮಾಡಿ ವಾಪಸ್ ಕಳಿಸ್ತಿದ್ರಿ. ಹುಷಾರಿಲ್ಲ ಅಂತ ಬರೆದೆ, ಅದನ್ನೂ ತಿದ್ದಿ ಕಳಿಸಿದ್ರಿ. ಬಸ್, ಔರ್ ನಹೀಂ ಹುವಾ ಮುಝಸೇ. ಸಾಕಾಗೋಯ್ತು. ಅಮ್ಮ ಬೇಜಾರ್ ಮಾಡ್ಕೋತಾಳೆ ಅಂತ ಆಟಾನೂ ಮೆಸೇಜೂ ಇವಳಿಗೆ ಕೊಟ್ಟೆ, ನನ್ನ ಫೋನಿಂದಾನೇ ಬರೀತಿದ್ಳು."

ಪೂರ್ವಿ ತಪ್ಪು ಮುಚ್ಚಲು ಅವಸರದಿಂದ, ಒಂದೊಂದೇ ಪದ ಜೋಡಿಸಿ ಹೇಳಿದಳು, "ಅಂಕಲ್, ನನಗೆ ಏನೂ ಬರ್ತಾ ಇರಲಿಲ್ಲ. ನೀವು ತಿದ್ದಿದ್ದು ನೋಡಿ ನೋಡಿ ಕಲಿತೆ. ನೀವು ತುಂಬಾ ಚೆನ್ನಾಗಿ ಕಲಿಸ್ತೀರಿ."

ಆ ಹುಡುಗಿಯ ಮಾತಿನಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಹೊಸ್ತಿಲಾಚೆ ನಿಲ್ಲಿಸಿದವಳನ್ನು ಇವನು ಗೆದ್ದಿದ್ದ, ಹೊಸ್ತಿಲೊಳಗಿದ್ದವಳನ್ನು ಕಳೆದುಕೊಂಡಿದ್ದ. ಅಲ್ಲೇ ಅವನನ್ನು ಬೈದುಬಿಡೋಣ ಎನ್ನಿಸಿತು. ಬೈದು ಆಗುವುದೇನು? ಮುಂದಿದ್ದ ಚಹಾ ಕುಡಿದೆ.

"ಇನ್ನೊಂದು ಆಟ, ಅಂಕಲ್?" ಎಂದು ಪೂರ್ವಿ ಕೇಳಿದಳು. ಗಿರಿಧರ ಲ್ಯಾಪ್‌ಟಾಪ್ ಮುಚ್ಚಿದ. ಕೋಡುಬಳೆ ಡಬ್ಬಿಯನ್ನು ಮೇಜಿನ ಮೇಲಿಟ್ಟ, ಯಾರ ಕೈಗೂ ಕೊಡಲಿಲ್ಲ. ಮನಸ್ವಿನಿ ಅದನ್ನು ಗೆಳತಿಯ ಕಡೆ ಸರಿಸಿದಳು.

ವಾಪಸು ಬರುವಾಗ, ರೈಲು ಅಹಮದಾಬಾದ್ ಸಮೀಪಿಸುತ್ತಿದ್ದಂತೆ, ಅವನ ಫೋನು ಸದ್ದು ಮಾಡಿತು. ಮನೆ ಸೇರಿದಿರಾ ಅಂತ ಪೂರ್ವಿಯ ಮೆಸೇಜು, ಈಗ ಅವಳದೇ ನಂಬರಿನಿಂದ. ಒಂದು ತಪ್ಪೂ ಇರಲಿಲ್ಲ. ಅವನು ಉತ್ತರ ಬರೆಯಲಿಲ್ಲ.

ಸಾವಿತ್ರಿ ಬಾಗಿಲಲ್ಲೇ ಕಾಯುತ್ತಿದ್ದಳು. "ಗೆದ್ರಾ?"

"ಗೆದ್ದೆ."

"ಮನೂ ಹೇಗಿದ್ದಾಳ್ರೀ? ಹುಷಾರಾಗಿದ್ದಾಳಂತಾ?"

ಗಿರಿಧರ ಚಪ್ಪಲಿ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಕೇಳ್ಲಿಲ್ಲ ಕಣೇ," ಎಂದ.