ಅರವತ್ತನಾಲ್ಕು ಕೆ.ಬಿ.ಯ ರಸ್ತೆ

ಮನೋಹರ ಎಂಟು ವರ್ಷ ರ‍್ಯಾಲಿ ಪಂದ್ಯಗಳ ಕಾರಿನಲ್ಲಿ ಎಡಗಡೆ ಕೂತವನು. ಸ್ಟೀರಿಂಗ್ ಗೆಳೆಯ ಶಿವರಾಜನ ಕೈಯಲ್ಲಿ, ನೋಟ್‌ಬುಕ್ ಇವನ ತೊಡೆಯ ಮೇಲೆ. ಮುಂದಿನ ತಿರುವು ಯಾವ ಕಡೆ, ಎಷ್ಟು ದೂರದಲ್ಲಿ ಎಂದು ಮೊದಲೇ ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದುವುದು ಅವನ ಕೆಲಸ. ಉಳಿದ ದಿನಗಳಲ್ಲಿ ಇಬ್ಬರೂ ಮಾಚೇನಹಳ್ಳಿಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗಳು.

೧೯೯೮ರಲ್ಲಿ, ಕುಂಸಿಯಾಚೆಯ ಮಣ್ಣುರಸ್ತೆಯಲ್ಲಿ, ಬೆವರಿಗೆ ನೋಟ್‌ಬುಕ್ಕಿನ ಎರಡು ಹಾಳೆ ಅಂಟಿಕೊಂಡಿದ್ದವು. ಮನೋಹರ ಎರಡನ್ನೂ ಒಟ್ಟಿಗೇ ಮಗುಚಿದ. ಒಂದು ಎಡ ತಿರುವು ಓದದೇ ಉಳಿಯಿತು. ಶಿವರಾಜ ಕಿವಿಗೆ ಬಿದ್ದದ್ದನ್ನೇ ನಂಬಿ ನೇರ ಹೋದ. ಮನೋಹರನಿಗೆ ಹೆಗಲಿನ ಮೂಳೆ ಮುರಿಯಿತು. ಶಿವರಾಜ ಉಳಿಯಲಿಲ್ಲ.

ಆಮೇಲೆ ಮನೋಹರ ಭದ್ರಾವತಿಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕೆ ಕೂತ. ಅಲ್ಲಿನ ಕ್ಯಾಟಲಾಗ್ ಇರಲಿ, ಮನೆಯ ಪಂಚಾಂಗ ಇರಲಿ, ಹಾಳೆಯನ್ನು ಬೆರಳಿನಿಂದ ಉಜ್ಜಿ ಒಂದೇ ಎಂದು ಖಾತ್ರಿಯಾದ ಮೇಲೆಯೇ ಮಗುಚುತ್ತಿದ್ದ.

೨೦೦೫ರಲ್ಲಿ ಜ್ಞಾನೇಶ್ ಅವನನ್ನು ಹುಡುಕಿಕೊಂಡು ಬಂದ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಸೀರೆ ಅಂಗಡಿಯ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರಿನ ಆಫೀಸು ಅವನದು. ಕಂಪ್ಯೂಟರಿನ ಹಳೆಯ, ಹೆಸರಾದ ಒಂದು ರ‍್ಯಾಲಿ ಆಟವನ್ನು ಕೀಪ್ಯಾಡ್ ಫೋನುಗಳಿಗೆ ಹೊಂದಿಸುವ ಕೆಲಸ ಸಿಕ್ಕಿತ್ತು. ನಿಜವಾದ ರ‍್ಯಾಲಿ ಕಂಡವರು ಒಬ್ಬರಾದರೂ ಅದನ್ನು ಆಡಿ ನೋಡಲಿ ಎಂಬುದು ಅವನ ಆಸೆ. ಅಪಘಾತದ ವಿಷಯ ಅವನಿಗೆ ತಿಳಿದಿರಲಿಲ್ಲ. ಮನೋಹರ ಹೇಳಲೂ ಇಲ್ಲ.

ಇಡೀ ಆಟ ಅರವತ್ತನಾಲ್ಕು ಕೆ.ಬಿ. ಮೀರುವಂತಿರಲಿಲ್ಲ. ಮೀರಿದರೆ ಅಗ್ಗದ ಫೋನು ಅದನ್ನು ತೆರೆಯುವುದೇ ಇಲ್ಲ. ಮೂಲ ಆಟದಲ್ಲಿ ತಿರುವುಗಳನ್ನು ಕೂಗಿ ಹೇಳುತ್ತಿದ್ದ ದನಿ ಮೊದಲ ದಿನವೇ ಹೋಯಿತು. ಅದರ ಜಾಗಕ್ಕೆ ಪರದೆಯ ಮೇಲೊಂದು ಬಾಣದ ಗುರುತು ಬಂತು. ಮರಗಳು ಹೋದವು, ರಸ್ತೆ ಬದಿಯ ಜನ ಹೋದರು, ಮೋಡಗಳೂ ಹೋದವು. ಆದರೂ ಒಂದು ಕೆ.ಬಿ. ಹೆಚ್ಚಿತ್ತು.

“ಆ ಬಾಣ ತೆಗಿ ರಶ್ಮಿ,” ಎಂದ ಜ್ಞಾನೇಶ್, ಚಿತ್ರಗಳನ್ನು ಬರೆಯುತ್ತಿದ್ದ ಹುಡುಗಿಗೆ. “ತಿರುವು ಕಣ್ಣಿಗೇ ಕಾಣುತ್ತಲ್ಲ.”

“ಕಾಣೋ ಹೊತ್ತಿಗೆ ತಡ ಆಗಿರುತ್ತೆ ಸಾರ್,” ಎಂದ ಮನೋಹರ.

“ಅಯ್ಯೋ ಮಾರಾಯ್ರೆ, ಗುದ್ದಿದ್ರೆ ಏನೀಗ? ದೇವ್ರು ಒಂದೇ ಲೈಫ್ ಕೊಡೋದು, ನಾವು ಮೂರು ಕೊಟ್ಟಿದೀವಿ!”

ರಶ್ಮಿ ನಕ್ಕಳು. ಮನೋಹರ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಏಳು ವರ್ಷಗಳಲ್ಲಿ ಮೊದಲ ಸಲ, ಆ ಎರಡು ಹಾಳೆಗಳ ಸಂಗತಿ ಹೇಳಿದ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಳಗೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹರಡುವ ಸದ್ದು ಕೇಳುತ್ತಿತ್ತು.

ಜ್ಞಾನೇಶ್ ಕನ್ನಡಕ ತೆಗೆದು ಒರೆಸಿದ. “ನಂಗೆ ಗೊತ್ತಿರ್ಲಿಲ್ಲ. ಆದ್ರೂ ನಾಳೆ ಕಳಿಸ್ಲೇಬೇಕು. ಬಾಣ ಇರ್ಬೇಕಂದ್ರೆ ಬೇರೆ ಏನಾದ್ರೂ ಹೋಗ್ಬೇಕು. ಏನು ತೆಗೀಲಿ, ನೀವೇ ಹೇಳಿ.”

ಮನೋಹರ ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದ. ಆಟದ ಕಾರಿನ ಹಿಂಬದಿಯ ಗಾಜಿನೊಳಗೆ ಎರಡು ಹೆಲ್ಮೆಟ್‌ಗಳು ಕಾಣುತ್ತಿದ್ದವು. ಎಡಗಡೆಯದು ಏನನ್ನೋ ಓದುತ್ತಿರುವಂತೆ ಆಗಾಗ ಬಾಗುತ್ತಿತ್ತು. ಆ ಬಾಗುವಿಕೆಗೆಂದೇ ರಶ್ಮಿ ಹನ್ನೆರಡು ಚಿತ್ರ ಬರೆದಿದ್ದಳು.

“ಇವನನ್ನ ತೆಗೀಬಹುದಲ್ಲ.”

“ಅವನಿಲ್ದೆ ಅದೆಂಥಾ ರ‍್ಯಾಲಿ ಮನೋಹರಣ್ಣ?” ಎಂದಳು ರಶ್ಮಿ.

“ಬಾಣ ಇದೆಯಲ್ಲಮ್ಮ. ಅದು ಹಾಳೆ ಮಗುಚಲ್ಲ.”

ರಶ್ಮಿ ಒಂದೊಂದಾಗಿ ಹನ್ನೆರಡನ್ನೂ ಅಳಿಸಿದಳು. ಆಟ ಅರವತ್ತಮೂರೂವರೆಗೆ ಇಳಿಯಿತು.

ಇದ್ದುದರಲ್ಲೇ ನಿಧಾನದ ಫೋನನ್ನು ಆರಿಸಿಕೊಂಡು ಮನೋಹರ ಕಿಟಕಿಯ ಬಳಿ ಕೂತ. ಮೂರನೆಯ ಹಂತದಲ್ಲಿ ಒಂದು ಎಡ ತಿರುವಿತ್ತು. ಬಾಣ ಮೊದಲೇ ಬಂತು, ಕಾರು ತಿರುಗಿತು. ಅವನು ಆಟ ನಿಲ್ಲಿಸಿ ಮತ್ತೆ ಅಲ್ಲಿಗೇ ಬಂದ. ಮತ್ತೆ ಬಾಣ, ಮತ್ತೆ ತಿರುವು. ಸಂಜೆಯವರೆಗೂ ಕಾರು ಒಂದು ಸಲವೂ ರಸ್ತೆ ಬಿಡಲಿಲ್ಲ.

“ಸಾಕು ಬಿಡಿ ಅಣ್ಣ, ಸರಿಯಾಗೇ ಇದೆ,” ಎಂದಳು ರಶ್ಮಿ.

“ಇದು ಸರಿಯಾಗೇ ಇದೆ,” ಎಂದು ಅವನು ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದ.