ಅಟ್ಟದ ಮೇಲಿನ ನೊಣವಿನಕೆರೆ

ನಮ್ಮ ಮನೆಯ ಅಟ್ಟದ ಮೇಲೆ ಊರಿನವರ ತೆಂಗಿನಕಾಯಿ ಇದೆ. ಅದರ ಕೆಳಗೆ ನಾನಿದ್ದೇನೆ. ಬೆನ್ನಿನ ಗಡ್ಡೆ ತೆಗೆಸಿದ ಮೇಲೆ ನನ್ನ ಕಾಲುಗಳು ಮತ್ತೆ ಎದ್ದು ನಿಲ್ಲಲಿಲ್ಲ. ಅಂದಿನಿಂದ ನಡುಮನೆಯ ಗಾಲಿಕುರ್ಚಿಯೇ ನನ್ನ ಜಾಗ.

ಬಸ್ಸು ಹತ್ತಬೇಕೆಂದರೆ ಇಬ್ಬರು ಗಂಡಸರು ನನ್ನನ್ನು ಮೂಟೆಯ ಹಾಗೆ ಎತ್ತಬೇಕು. ಅದನ್ನು ನೋಡಲಾರದೆ ಪಕ್ಕದ ಮನೆಯ ದೊಡ್ಡಪ್ಪ ಊರನ್ನೆಲ್ಲ ಸೇರಿಸಿ ಹಳೆಯ ವ್ಯಾನೊಂದನ್ನು ಹೊಂದಿಸಿದರು. ಹಿಂದುಗಡೆ ಕುರ್ಚಿ ಏರಲು ಕಬ್ಬಿಣದ ಹಲಗೆ. ಫೋನ್ ಮಾಡಿದರೆ ಬಾಗಿಲಿಗೇ ಬರುತ್ತದೆ. ಸುತ್ತಮುತ್ತ ನನ್ನಂಥವರು ಇನ್ನೂ ಕೆಲವರಿದ್ದಾರೆ, ಅವರಿಗೂ ಅದೇ ವ್ಯಾನು. ಡೀಸೆಲ್ಲಿಗೆ, ಡ್ರೈವರನ ಸಂಬಳಕ್ಕೆ ಎಂದು ಪ್ರತಿ ಕೊಯ್ಲಿನಲ್ಲೂ ಮನೆಮನೆಯವರು ಒಂದಿಷ್ಟು ಕಾಯಿ ಬಿಡುತ್ತಾರೆ. ಅದು ನಮ್ಮ ಅಟ್ಟ ಸೇರಿ, ಒಣಗಿ, ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ.

ಇಂಥ ಊರನ್ನು ದೂರಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ಆದರೂ ಹೇಳುತ್ತೇನೆ.

ನೊಣವಿನಕೆರೆಯಲ್ಲಿ ನನ್ನ ಗೆಳತಿಯಿದ್ದಾಳೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ನನ್ನ ಕಾಲು ಹೋದ ಮೇಲೆ ಅವಳೇ ಬಸ್ಸು ಹಿಡಿದು ಬರುತ್ತಿದ್ದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಅವಳ ಸೊಂಟ ಮುರಿಯಿತು. ಈಗ ಅವಳು ಮಂಚದ ಮೇಲೆ, ನಾನು ಕುರ್ಚಿಯ ಮೇಲೆ, ನಡುವೆ ಫೋನು. ನನಗೆ ಅವಳನ್ನು ಕಣ್ಣಾರೆ ನೋಡಬೇಕಿತ್ತು. ಅಷ್ಟೇ.

ಡ್ರೈವರನಿಗೆ ಫೋನ್ ಮಾಡಿದೆ. "ದೊಡ್ಡೋರನ್ನ ಒಂದ್ ಮಾತು ಕೇಳ್ಬುಡಿ ಅಕ್ಕಾ" ಎಂದ.

ಸ್ವಲ್ಪ ಹೊತ್ತಿಗೆ ದೊಡ್ಡಪ್ಪನೇ ಬಂದರು. "ಯಾಕವ್ವ, ಹುಷಾರಿಲ್ವಾ?"

"ಚೆನ್ನಾಗಿದೀನಿ ದೊಡ್ಡಪ್ಪ. ನೊಣವಿನಕೆರೆಗೋಗಿ ಅವಳ್ನ ನೋಡ್ಕಂಡು ಬರಣ ಅಂತ."

ಅವರು ನಕ್ಕರು. "ಹರಟೆ ಹೊಡೆಯಕ್ಕೆ ವ್ಯಾನಾ? ಊರೋರ ಕಾಯಿ ಕಣವ್ವ ಅದು. ಆಸ್ಪತ್ರೆ ಅನ್ನು, ಈಗ್ಲೇ ಕಳಿಸ್ತೀನಿ."

ಆಮೇಲೆ ಗಮನಿಸಿದೆ. ಕಾಯಿ ಕೊಟ್ಟವರೆಲ್ಲ ನನ್ನ ಕಿಟಕಿಯ ಬಳಿ ನಿಂತು, ಪ್ರೀತಿಯಿಂದಲೇ, ಕೇಳುತ್ತಿದ್ದರು. ಎಲ್ಲಿಗೋಗಿದ್ದೆ? ಯಾಕೆ? ಡಾಕ್ಟ್ರು ಏನಂದ್ರು? ಮೊದಲು ಮನೆಯೊಳಗೆ ಸಿಕ್ಕಿಕೊಂಡಿದ್ದೆ. ಈಗ ಇಡೀ ಊರೇ ಬಾಗಿಲಿಗೆ ಅಡ್ಡ ನಿಂತಿತ್ತು, ಕೈಯಲ್ಲಿ ಕಾಯಿ ಹಿಡಿದು.

ಗೆಳತಿಗೆ ಫೋನಿನಲ್ಲಿ ಹೇಳಿಕೊಂಡೆ. ಅವಳೆಂದಳು: "ಲೇ, ಅದಕ್ಯಾಕೆ ಅಳ್ತೀಯ? ಸೋಮವಾರ ನನ್ನನ್ನ ತಿಪಟೂರು ಆಸ್ಪತ್ರೆಗೆ ಕರ್ಕಂಡೋಯ್ತಾರೆ, ಸೊಂಟದ ಎಕ್ಸರೇ ತೆಗ್ಸಕ್ಕೆ. ನೀನೂ ಎಲ್ಲಾದ್ರೂ ಒಂದು ನೋವು ಹುಟ್ಟಿಸ್ಕಳೇ!"

ಭುಜದಲ್ಲಿ ಹುಟ್ಟಿಸಿಕೊಂಡೆ.

ಸೋಮವಾರ ವ್ಯಾನು ಬಂತು. ದೊಡ್ಡಪ್ಪನೂ ಹತ್ತಿದರು. "ಒಬ್ಬಳ್ನೇ ಕಳ್ಸಕ್ಕಾಯ್ತದಾ?"

ಆಸ್ಪತ್ರೆಯ ಪಡಸಾಲೆಯ ಆ ತುದಿಯಲ್ಲಿ ಸ್ಟ್ರೆಚರಿನ ಮೇಲೆ ಅವಳಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕೇಳಿಸಿರಲಿಲ್ಲ. ಕೈ ಎತ್ತಿದಳು. ನಾನು ಚಕ್ರಕ್ಕೆ ಕೈ ಹಾಕಿದೆ. ಕುರ್ಚಿ ಅಲುಗಲಿಲ್ಲ. ಹಿಂದಿನ ಹಿಡಿ ದೊಡ್ಡಪ್ಪನ ಕೈಯಲ್ಲಿತ್ತು.

"ಸರದಿ ತಪ್ಪೋಯ್ತದೆ, ಇಲ್ಲೇ ಇರವ್ವ."

"ಬುಡಿ ದೊಡ್ಡಪ್ಪ, ಒಂದ್ ನಿಮಿಷ."

"ಭುಜ ನೋವು ಅಂತೀಯ, ಚಕ್ರ ತಳ್ತೀಯಾ?"

ನನ್ನ ಸುಳ್ಳೇ ನನ್ನನ್ನು ಹಿಡಿದು ಕೂರಿಸಿತ್ತು. ಅಷ್ಟರಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಡಾಕ್ಟರು ನನ್ನ ಭುಜ ಒತ್ತಿ ನೋಡಿ, ಮಾತ್ರೆ ಬರೆದು ಹೊರಗೆ ಕಳಿಸುವ ಹೊತ್ತಿಗೆ ಆ ತುದಿ ಖಾಲಿಯಾಗಿತ್ತು.

ಬರುವಾಗ ವ್ಯಾನಿನಲ್ಲಿ ಅಳು ತಡೆಯಲಾಗಲಿಲ್ಲ. "ಅಷ್ಟೊಂದು ನೋವಾ ಮಗಾ?" ಎಂದು ದೊಡ್ಡಪ್ಪ ಭುಜ ನೀವಿದರು. ನಾನು ನೋವೆಂದಿದ್ದ ಭುಜವಲ್ಲ, ಇನ್ನೊಂದು. ಎಲ್ಲ ಹೇಳಿಬಿಟ್ಟೆ.

ಅವರು ತೋಟಗಳ ಕಡೆ ಮುಖ ತಿರುಗಿಸಿದರು. ಆಮೇಲೆ, "ನಂದೇ ಆಗಿದ್ರೆ ಕರ್ಕಂಡೋಯ್ತಿದ್ದೆ. ಊರೋರ್ದು. ಹರಟೆಗೆ ಬುಟ್ರೆ ನಾಳೆ ಯಾರೂ ಕಾಯಿ ಕೊಡಲ್ಲ ಕಣವ್ವ" ಎಂದರು.

ಅದೂ ನಿಜವೇ. ನಮ್ಮ ಹಿತ್ತಲಲ್ಲಿ ಅಮ್ಮ ನನಗೆಂದೇ ನೆಟ್ಟ ಎರಡು ಮರಗಳಿವೆ. ಅವುಗಳ ಕಾಯಿಯೂ ಊರ ರಾಶಿಗೇ ಸೇರುತ್ತಿತ್ತು.

"ಈ ಸಲದಿಂದ ನನ್ನ ಮರದ್ದು ಬೇರೆ ರಾಶಿ ಹಾಕ್ಸಿ. ಅದರ ಡೀಸೆಲ್ಲಲ್ಲಿ ಎಲ್ಲಿಗೆ, ಯಾಕೆ ಅಂತ ಯಾರೂ ಕೇಳಂಗಿಲ್ಲ."

"ಒಣಗ್ಬೇಕಲ್ಲವ್ವ ಅದು?"

"ಒಣಗ್ಲಿ."

ಮನೆ ನಡೆಸುವ ಅಣ್ಣನ ಮುಂದೆ ಕೈಯೊಡ್ಡಿದ್ದರೆ ದುಡ್ಡು ಅಂದೇ ಸಿಗುತ್ತಿತ್ತು. ಎಲ್ಲಿಗೆ ಎಂಬ ಪ್ರಶ್ನೆಯೂ ಸಿಗುತ್ತಿತ್ತು.

ಕೊಬ್ಬರಿಯನ್ನು ಅವಸರ ಮಾಡಿ ಪ್ರಯೋಜನವಿಲ್ಲ. ಒಳಗಿನ ನೀರು ಪೂರ್ತಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಲೊಡಲೊಡ ಅನ್ನಬೇಕು. ಹೆಚ್ಚುಕಡಿಮೆ ವರ್ಷದ ಮಾತು. ನನ್ನ ಚಿಕ್ಕ ರಾಶಿ ಅಟ್ಟದ ಮೂಲೆಯಲ್ಲಿದೆ, ಸರಿಯಾಗಿ ನನ್ನ ನೆತ್ತಿಯ ಮೇಲೆ. ಏಣಿ ಹತ್ತಲು ನನಗೆ ಕಾಲಿಲ್ಲ.

ಸಂಜೆ ಗೆಳತಿಯ ಫೋನು ಬರುತ್ತದೆ. "ಅಲ್ಲಾಡ್ತದೇನೇ?"

ಅತ್ತಿಗೆ ಏಣಿ ಹತ್ತಿ, ನನ್ನ ರಾಶಿಯಿಂದ ಒಂದು ಕಾಯಿ ತೆಗೆದು ಕುಲುಕುತ್ತಾರೆ. ಕೆಳಗೆ ನಾನು ಫೋನನ್ನು ಅಟ್ಟದ ಕಡೆಗೆ ಎತ್ತಿ ಹಿಡಿದಿರುತ್ತೇನೆ. ಮೂವರೂ ಉಸಿರು ಹಿಡಿದು ಕೇಳುತ್ತೇವೆ.

"ಇನ್ನೂ ನೀರು ಕಣೇ" ಅನ್ನುತ್ತೇನೆ.

"ಇರ್ಲಿ ಬುಡು" ಅನ್ನುತ್ತಾಳೆ ಅವಳು. "ನಂಗೂ ಇನ್ನೂ ಎದ್ದು ಕೂರಕ್ಕೆ ಬರಲ್ಲ."