ಪುಟ್ಟಮ್ಮಜ್ಜಿಯ ಪಾದ ಮತ್ತು ನಾನು ಮಾರಿದ ಟೈಲ್ಸ್

ಪಕ್ಕದ ಮನೆಯಲ್ಲಿ ಬೆಳಗ್ಗೆಯಿಂದ ಟೈಲ್ಸ್ ಕೊಯ್ಯುತ್ತಿದ್ದಾರೆ. ಆ ಬಿಸಿ ದೂಳಿನ ವಾಸನೆಗೆ ಕಾಫಿ ಲೋಟ ಹಿಡಿದು ಮೂರು ಸಲ ಕಾಂಪೌಂಡಿನ ತನಕ ಹೋಗಿ ಬಂದೆ. ಯಾವುದೋ ಒಂದು ವಾಸನೆ ನಿಮ್ಮನ್ನೂ ಹೀಗೆ ಎಬ್ಬಿಸಿ ಓಡಾಡಿಸುವುದುಂಟೋ ಏನೋ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಿರಿಯೂರಿನ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಗುಜರಾತಿನಿಂದ ಟೈಲ್ಸ್ ಲಾರಿ ಬಂದು ನಿಂತಿತೆಂದರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಮಾದರಿ ಬಿಲ್ಲೆಗಳನ್ನು ಚೀಲಕ್ಕೆ ತುಂಬಿ, ಮೊಪೆಡ್ ಹತ್ತಿ ಹೊಸದುರ್ಗ, ಹೊಳಲ್ಕೆರೆ ಎಂದು ಸುತ್ತುತ್ತಿದ್ದೆ. ಯಾರ ಮನೆಗೆ ಹೋದರೂ ಮುಖಕ್ಕಿಂತ ಮೊದಲು ನೆಲ ನೋಡುವ ಚಟ. ಹೆಣ್ಣು ನೋಡಲು ಹೋದಾಗಲೂ ನೆಲವನ್ನೇ ನೋಡುತ್ತ ಕೂತಿದ್ದೆ. ಪಾಪ, ನಾಚಿಕೆಯ ಹುಡುಗ ಎಂದುಕೊಂಡು ಒಪ್ಪಿಬಿಟ್ಟರು.

ಯಲ್ಲದಕೆರೆಯ ಮೇಷ್ಟ್ರೊಬ್ಬರ ಮನೆಯಲ್ಲಿ ಕೆಂಪು ಗಾರೆ ನೆಲವಿತ್ತು. ಅದನ್ನು ಹಾಕಿದವನು ನಮ್ಮ ಪಕ್ಕದ ಬೀದಿಯ ರುದ್ರಣ್ಣ. ಅವನು ಕರಣೆ ಆಡಿಸಿದ ಮೇಲೆ ಹೆಂಡತಿ ಗೌರಕ್ಕ ನುಣ್ಣನೆ ಕಲ್ಲಿನಿಂದ ದಿನಗಟ್ಟಲೆ ತಿಕ್ಕಿದ್ದಳು. ಅದೆಲ್ಲ ಗೊತ್ತಿದ್ದೂ ನಾನು ಮೇಷ್ಟ್ರಿಗೆ, "ಒಂದ್ಸಲ ಒರೆಸಿದ್ರೆ ಕನ್ನಡಿ ಆಗ್ತೈತ್ರಿ" ಎಂದೆ. ಹಳೆಯ ನೆಲ ಕಿತ್ತು ಮನೆಯ ತುಂಬ ಬಿಳಿ ಟೈಲ್ಸ್ ಹಾಕಿಸಿದರು.

ತಿಂಗಳಾದ ಮೇಲೆ, ಬಿರುಕು ಬಿಟ್ಟ ಒಂದು ಬಿಲ್ಲೆ ಬದಲಿಸಲು ಹೋದೆ. ಮೇಷ್ಟ್ರ ತಾಯಿ ಪುಟ್ಟಮ್ಮಜ್ಜಿ ನಡುಮನೆಯ ಗೋಡೆಗೆ ಒರಗಿ ಕೂತಿದ್ದರು.

"ಯಾರಪ್ಪ?"

"ಟೈಲ್ಸ್ ಅಂಗಡಿಯೋನು ಅಜ್ಜಿ."

"ನನ್ನ ಮನೀಗೆ ಕರ್ಕಂಡು ಹೋಗಿ ಬಿಡ್ತೀಯೇನಪ್ಪ?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ದನಿ ತಗ್ಗಿಸಿದರು. "ಅವ್ವಂಗೆ ಕಣ್ಣು ಕಾಣಲ್ಲಪ್ಪ. ಪಾದದಾಗೇ ಮನೆ ತಿಳ್ಕಂತಿದ್ಲು. ಅಡಿಗೆಮನೆ ಹತ್ರ ನೆಲ ಚೂರು ತಗ್ಗು, ಹಿತ್ತಲ ಬಾಗ್ಲತ್ರ ಒರಟು. ಈಗ ಎಲ್ಲ ಒಂದೇ ಥರ ಐತೆ. ಎದ್ದು ಎರಡು ಹೆಜ್ಜೆ ಇಡೋಕೂ ನಮ್ಮ ಕೈ ಹಿಡೀಬೇಕು."

ತಂದ ಬಿಲ್ಲೆಯನ್ನು ಮೂಲೆಗಿಟ್ಟು ಹೊರಬಿದ್ದೆ. ಮೊಪೆಡ್ ಅಂಗಡಿಗೆ ಹೋಗಲಿಲ್ಲ, ರುದ್ರಣ್ಣನ ಮನೆಯ ಮುಂದೆ ನಿಂತಿತು. ಅವನು ಎಲ್ಲ ಕೇಳಿ, "ನಾನು ಹಾಕಿದ್ದನ್ನ ಕೀಳ್ಸಿದೋನು ನೀನು. ಈಗ ನಾನ್ಯಾಕೆ ಬರ್ಬೇಕು?" ಎಂದ. ಒಳಗಿನಿಂದ ಬಂದ ಗೌರಕ್ಕ ಗಂಡನಿಗೆ ಹೇಳಿದಳು: "ನಾ ನೆಲ ತಿಕ್ಕೋವಾಗ ಆ ಅಜ್ಜಿ ದಿನಾ ಕರೆದು ಉಣ್ಣಾಕಿಟ್ಟೈತೆ. ನಡೀರಿ, ಹೋಗಾಣ."

ಮೇಷ್ಟ್ರನ್ನು ಒಪ್ಪಿಸಿ, ಅಜ್ಜಿಯ ಕೋಣೆಯಿಂದ ಹಿತ್ತಲ ಬಾಗಿಲವರೆಗಿನ ಟೈಲ್ಸನ್ನು ಉಳಿ ಸುತ್ತಿಗೆ ಹಿಡಿದು ನಾನೇ ಕಿತ್ತೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾರುವ ಬಾಯಿಗೆ ಕೀಳುವ ಕೆಲಸ ಗೊತ್ತಿರಲಿಲ್ಲ. ರುದ್ರಣ್ಣ ಮತ್ತೆ ಕೆಂಪು ಗಾರೆ ಹಾಕಿದ. ದಾರಿ ತಿರುಗುವ ಕಡೆ ಕರಣೆಯ ಅಂಚಿನಿಂದ ಒಂದು ಗೆರೆ ಎಳೆದು, "ಇಲ್ಲಿ ಕಾಲಿಗೆ ಸಿಗ್ಲಿ" ಎಂದ. ಗೌರಕ್ಕ ತಿಕ್ಕಿದಳು. ನೀರು ಕಟ್ಟಿ, ನೆಲ ಗಟ್ಟಿಯಾಗುವವರೆಗೆ ಕಾದೆವು.

ಅಜ್ಜಿಯನ್ನು ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿ ಕೈ ಬಿಟ್ಟೆವು. ಅವರು ಪಾದ ಜಾರಿಸುತ್ತ ಹೊರಟರು. ಗೆರೆಯ ಮೇಲೆ ನಿಂತರು, ಕಾಲ್ಬೆರಳಲ್ಲಿ ಅದನ್ನು ಎರಡು ಸಲ ಸವರಿದರು, ತಿರುಗಿದರು. ಕೈ ಚಾಚಿದರೆ ಹಿತ್ತಲ ಬಾಗಿಲ ಅಗುಳಿ ಸಿಕ್ಕಿತು. "ಹಾಂ, ಮನೀಗ್ ಬಂದೆ" ಎಂದರು. ಮೇಷ್ಟ್ರು ಆ ಕಡೆ ಮುಖ ಮಾಡಿಕೊಂಡರು.

ಮುಂದೆ ಅಜ್ಜಿ ಕೊನೆಯವರೆಗೂ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ಹೋಗಿ ಬಂದರು. ನಾನು ಟೈಲ್ಸ್ ಮಾರುವುದನ್ನು ಬಿಟ್ಟೆನೆಂದುಕೊಳ್ಳಬೇಡಿ. ಇನ್ನೂ ಎಷ್ಟೋ ವರ್ಷ ಮಾರಿದೆ. ಆದರೆ ಚೀಲ ಬಿಚ್ಚುವ ಮೊದಲು, "ಮನೇಲಿ ಯಾರ್ಯಾರವ್ರೆ?" ಎಂದು ಕೇಳುತ್ತಿದ್ದೆ. ಅಂಗಡಿಯ ಯಜಮಾನರಿಗೆ ಅದು ಹಿಡಿಸುತ್ತಿರಲಿಲ್ಲ.

ರುದ್ರಣ್ಣ ಈಗಿಲ್ಲ. ಈಚೆಗೆ ಮಾರಿಕಣಿವೆಯ ಹತ್ತಿರ ಯಾರೋ ಗಂಡ ಹೆಂಡತಿ ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಪರಿಸರಕ್ಕೆ ಒಗ್ಗುವ ಮನೆಯಂತೆ, ಕೆಂಪು ನೆಲವೇ ಬೇಕಂತೆ. ಹಳೆಯ ಕೆಲಸದವರನ್ನು ಹುಡುಕಿ ನನ್ನ ತನಕ ಬಂದರು. ಗೌರಕ್ಕನನ್ನು ಕರೆದುಕೊಂಡು ಹೋದೆ. ಅವಳು ಚಪ್ಪಲಿ ಬಿಟ್ಟು ಎಲ್ಲ ಕೋಣೆಗಳಲ್ಲೂ ನಡೆದು ಬಂದು, "ಹೇಳ್ಕೊಡ್ತೀನಿ. ತಿಕ್ಕೋಕೆ ನನ್ ಕೈಲಾಗಲ್ಲ" ಎಂದು ನನ್ನ ಕಡೆ ನೋಡಿದಳು.

ಹಾಗಾಗಿ ಈ ವಯಸ್ಸಿನಲ್ಲಿ ನಾನು ದಿನಾ ಅಲ್ಲಿ ಮಂಡಿಯೂರಿ ನೆಲ ತಿಕ್ಕುತ್ತಿದ್ದೇನೆ. ನಿನ್ನೆ ದಿನವೆಲ್ಲ ಒಂದು ಮೂಲೆ ತಿಕ್ಕಿದೆ. ಗೌರಕ್ಕ ಅಂಗೈ ಆಡಿಸಿ ನೋಡಿ, "ಇನ್ನೂ ಒರಟೈತೆ ಕಣಪ್ಪ" ಎಂದಳು. ಬಸ್ಸಿಗೆ ಹೊತ್ತಾಯಿತು; ಅದೇ ಮೂಲೆಗೆ ಇವತ್ತೂ ಹೋಗಬೇಕು.